ಎಳೆಗಿಡಕ್ಕೊಂದು ಕಾವಲು
ಕಾಡಂಚಿನ ತೋಟದವರೇ, ಬೆಳಿಗ್ಗೆ ಎಳೆಗಿಡದ ಚಿಗುರು ಮಾಯವಾಗಿದ್ದರೆ ಮೊದಲು ಉಳಿದ ದಂಟಿನ ತುದಿ ನೋಡಿ. ಚಾಕುವಿನಿಂದ ಕೊಯ್ದಂತೆ ಓರೆಯಾಗಿ, ನುಣ್ಣಗೆ ತುಂಡಾಗಿದ್ದರೆ ಮೊಲದ ಕೆಲಸ. ಹರಿದು ನಾರುನಾರಾಗಿದ್ದರೆ ಜಿಂಕೆಯದು. ಅದಕ್ಕೆ ಮೇಲ್ದವಡೆಯ ಮುಂದಿನ ಹಲ್ಲುಗಳಿಲ್ಲ, ಎಳೆದು ಕೀಳುತ್ತದೆ.

ಮೊಲಕ್ಕೆ 1 ಅಂಗುಲ ಕಣ್ಣಿನ ಚಿಕನ್ ಮೆಶ್ ಸಾಕು: ನೆಲದ ಮೇಲೆ 2 ಅಡಿ, ಮಣ್ಣಿನೊಳಗೆ ಅರ್ಧ ಅಡಿ. ಜಿಂಕೆ ಎತ್ತರಕ್ಕೆ ನೆಗೆಯುತ್ತದೆ, ಬೇಲಿ 7–8 ಅಡಿ ಇರಲಿ. ಅಷ್ಟು ಖರ್ಚು ಭಾರವೆನಿಸಿದರೆ ಎಳೆಗಿಡಗಳಿಗಷ್ಟೇ ಸುತ್ತ ಮೆಶ್ ಕಟ್ಟಿ.

ಉರುಳು ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಆ ದಾರಿಯಲ್ಲಿ ಬಂದ ಚಿರತೆಯೂ ಸಿಕ್ಕಿಕೊಂಡು ನರಳುತ್ತದೆ. ಬೇಲಿಗೆ ಹಾಕಿದ ದುಡ್ಡು ಬೆಳೆಯನ್ನೂ ಉಳಿಸುತ್ತದೆ, ಜೀವವನ್ನೂ ಉಳಿಸುತ್ತದೆ.