ಉಪ್ಪುಗಾಳಿಯಲ್ಲಿ ಇಂಜಿನಿನ ಹೊಳಪು

ಪ್ರಶ್ನೆ: ನಮ್ಮ ಮನೆ ಕುಂಬಳೆಯಲ್ಲಿ, ಕಡಲಿಗೆ ಒಂದು ಕಿಲೋಮೀಟರೂ ಇಲ್ಲ. ಅಜ್ಜ ಓಡಿಸುತ್ತಿದ್ದ ಯೆಜ್ಡಿ ಬೈಕನ್ನು ಸರಿಮಾಡಿಸಿದ್ದೇನೆ. ಇಂಜಿನಿನ ಎರಡೂ ಬದಿಯ ಕವರುಗಳಿಗೆ ಬಫಿಂಗ್ ಮಾಡಿಸಿದಾಗ ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಒಂದು ಮಳೆಗಾಲ ಕಳೆಯುವುದರೊಳಗೆ ಬಿಳಿ ಚುಕ್ಕೆಗಳು ಎದ್ದಿವೆ. ಮೇಲೆ ಕ್ಲಿಯರ್ ಕೋಟ್ ಹೊಡೆಸಿದರೆ ಮುಗಿಯಿತು ಎನ್ನುತ್ತಾರೆ ಒಬ್ಬರು. ಪೌಡರ್ ಕೋಟಿಂಗ್ ಮಾಡಿಸಿ ಎನ್ನುತ್ತಾರೆ ಇನ್ನೊಬ್ಬರು. ಬದಿಯಡ್ಕದ ಹತ್ತಿರ ನಮಗೆ ಅಡಕೆ ತೋಟವಿದೆ. ಅಲ್ಲಿ ಮದ್ದು ಬಿಡುವ ಪಂಪಿನ ಇಂಜಿನಿಗೂ ಇದೇ ಬಾಧೆ. ಯಾವುದು ಸರಿ?
(ಓದುಗರೊಬ್ಬರು, ಕುಂಬಳೆ)

ಉತ್ತರ: ಬೈಕಿನ ಕವರುಗಳಿಗೆ ಪಾಲಿಶ್, ಅದರ ಮೇಲೆ ಮೇಣ. ಸಿಲಿಂಡರಿಗೆ ಬಿಸಿ ತಾಳುವ ಕಪ್ಪು ಬಣ್ಣ. ತೋಟದ ಪಂಪಿಗೆ ದಪ್ಪ ಲೇಪ. ಹೀಗೆ ಒಂದೊಂದಕ್ಕೆ ಒಂದೊಂದು ಏಕೆಂದರೆ, ಪಾಲಿಶ್ ಮಾಡಿದ ಲೋಹ ಮತ್ತೆ ಮತ್ತೆ ಕೈಯನ್ನು ಬೇಡುತ್ತದೆ. ಯಾವ ಭಾಗವನ್ನು ನೀವು ವಾರಕ್ಕೊಮ್ಮೆಯಾದರೂ ಬಟ್ಟೆ ಹಿಡಿದು ಒರೆಸುತ್ತೀರೋ ಅದು ಬರಿಮೈಯಲ್ಲೇ ಇರಲಿ. ಕೈ ತಲುಪದ ಭಾಗಕ್ಕೆ, ತಲುಪಿದರೂ ನೀವು ಒರೆಸದೆ ಬಿಡುವ ಭಾಗಕ್ಕೆ ಲೇಪ ಬೇಕು.

ಮೊದಲು ಆ ಬಿಳಿ ಚುಕ್ಕೆಗಳ ವಿಷಯ. ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನ ಮೈಮೇಲೆ ಆಕ್ಸೈಡಿನ ಪೊರೆಯೊಂದನ್ನು ಬೆಳೆಸಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೋಮೀಟರ್ ಎಂದರೆ ಎಷ್ಟು ತೆಳುವೆಂದು ತಿಳಿಯುತ್ತದೆ. ಬಯಲುಸೀಮೆಯ ಒಣ ಊರುಗಳಲ್ಲಿ ಆ ಪೊರೆಯೇ ಸಾಕು, ಲೋಹ ವರ್ಷಗಟ್ಟಲೆ ಉಳಿಯುತ್ತದೆ. ಕಡಲ ಬದಿಯಲ್ಲಿ ಹಾಗಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಭೇದಿಸುತ್ತದೆ, ಆ ತೂತಿನಡಿಯ ಲೋಹ ಕರಗಿ ಬಿಳಿ ಹುಡಿಯಾಗಿ ಮೇಲೆ ಬರುತ್ತದೆ. ಹುಡಿ ಒರೆಸಿ ನೋಡಿ, ಕೆಳಗೆ ಸೂಜಿ ಮೊನೆಯಷ್ಟು ಕುಳಿ ಕಾಣುತ್ತದೆ. ಆ ಹುಡಿಯಲ್ಲಿ ಹೆಚ್ಚಿನ ಪಾಲು ಅಲ್ಯುಮಿನಿಯಂ ಹೈಡ್ರಾಕ್ಸೈಡ್. ನಿಮ್ಮದೇ ಜಿಲ್ಲೆಯ ಕಾರಡ್ಕ, ನೀಲೇಶ್ವರದ ಕಡೆ ಮುರಕಲ್ಲಿನ ಜೊತೆ ಸಿಗುವ ಬಾಕ್ಸೈಟ್ ಅದಿರಿನಲ್ಲಿರುವುದೂ ಅದೇ ವಸ್ತು. ಅಪಾರ ವಿದ್ಯುತ್ ಸುರಿದು ಅದಿರಿನಿಂದ ಬಿಡಿಸಿ ತೆಗೆದ ಲೋಹ, ನೀರೂ ಉಪ್ಪೂ ಸಿಕ್ಕಿದ ಕಡೆಯಲ್ಲೆಲ್ಲ ಮತ್ತೆ ಅದಿರಿನ ಕಡೆಗೇ ಹೊರಡುತ್ತದೆ.

ಉಪ್ಪಿಗೆ ಇನ್ನೊಂದು ಗುಣವಿದೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಅದು ತಾನಾಗಿ ನೀರು ಹೀರಿ ಕರಗುತ್ತದೆ. ಕಾಸರಗೋಡಿನ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಒಣಗುವುದು ಅಪರೂಪ. ಹಾಗಾಗಿ ಕವರಿನ ಮೇಲೆ ಕುಳಿತ ಕಣ್ಣಿಗೆ ಕಾಣದ ಉಪ್ಪು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೈಕನ್ನು ಮಳೆಗೆ ಬಿಡದೆ ಮಾಡಿನಡಿಯೇ ಇಟ್ಟಿದ್ದೆನಲ್ಲ ಎಂದು ನಿಮಗೆ ಅನಿಸಬಹುದು. ಮಳೆಗೆ ಒಡ್ಡಿದ ಲೋಹದಿಂದ ಉಪ್ಪು ಆಗಾಗ ತೊಳೆದುಹೋಗುತ್ತದೆ. ಮಾಡಿನ ಅಂಚಿನಡಿ ನಿಂತ ಲೋಹಕ್ಕೆ ಪಡುಗಾಳಿ ಉಪ್ಪನ್ನು ತಂದು ಹಾಕುತ್ತಲೇ ಇರುತ್ತದೆ, ತೊಳೆಯುವವರು ಯಾರೂ ಇಲ್ಲ. ಪ್ಲಾಸ್ಟಿಕ್ ಹೊದಿಕೆ ಎಳೆದು ಮುಚ್ಚಿಟ್ಟರೆ ಒಳಗಿನ ತೇವ ಹೊರಹೋಗದೆ ಇನ್ನಷ್ಟು ಹಾಳು. ಮೇ ಕೊನೆಯಿಂದ ಸೆಪ್ಟೆಂಬರ್ ವರೆಗೆ ವಾರಕ್ಕೊಮ್ಮೆ ಇಂಜಿನ್ ತಣ್ಣಗಿರುವಾಗ ಬಾವಿ ನೀರಿನಲ್ಲಿ ತೊಳೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ ನಿಲ್ಲಿಸಿ. ಪಾಲಿಶ್ ಬೇಕೋ ಲೇಪ ಬೇಕೋ ಎಂಬ ಯೋಚನೆಗಿಂತ ಈ ತೊಳೆತವೇ ಮುಖ್ಯ ಎಂದು ಒತ್ತಿ ಹೇಳುತ್ತೇನೆ.

ಬಫಿಂಗ್ ಮಾಡಿದರೆ ಲೋಹ ಗಟ್ಟಿಯಾಗುತ್ತದೆ, ತುಕ್ಕು ಹತ್ತುವುದಿಲ್ಲ ಎಂಬ ನಂಬಿಕೆ ವರ್ಕ್‌ಶಾಪುಗಳಲ್ಲಿದೆ. ನುಣುಪಾದ ಮೈಯಲ್ಲಿ ಉಪ್ಪೂ ಕೆಸರೂ ನಿಲ್ಲಲು ಗೀರುಗಳು ಕಡಿಮೆ, ಒರೆಸಿದರೆ ಬೇಗ ಹೋಗುತ್ತದೆ ಎಂಬಷ್ಟು ಮಾತ್ರ ಅದರಲ್ಲಿ ನಿಜ. ಕಾವಲಿನ ಕೆಲಸ ಮೇಣದ್ದು. ನಿಮ್ಮ ಪತ್ರದಲ್ಲಿ ಮೇಣದ ಮಾತೇ ಇಲ್ಲ. ಬಫಿಂಗ್ ಮಾಡಿಸಿ ಹಾಗೆಯೇ ಮನೆಗೆ ತಂದಿರಬೇಕು. ಕಾರಿನ ಬಣ್ಣಕ್ಕೆ ಹಚ್ಚುವ ಮೇಣವನ್ನೇ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ತೆಗೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ನಡುವೆ ತಿಂಗಳಿಗೊಮ್ಮೆ. ತೆಂಗಿನೆಣ್ಣೆ ಒರೆಸುವ ರೂಢಿ ನಮ್ಮ ಕಡೆ ಇದೆ. ಅದರಿಂದ ಕೇಡಿಲ್ಲ, ಆದರೆ ಇಂಜಿನ್ ಬಿಸಿಯಾದರೆ ಹರಿದುಹೋಗುತ್ತದೆ, ಧೂಳನ್ನೂ ಹಿಡಿಯುತ್ತದೆ.

ಪಾಲಿಶಿಗೆ ಒಂದು ಬೆಲೆಯೂ ಇದೆ. ಪ್ರತಿ ಸಲ ಉಜ್ಜಿದಾಗ ಸ್ವಲ್ಪ ಲೋಹ ಹೋಗುತ್ತದೆ. ಬಫ್ ಚಕ್ರಕ್ಕೆ ಪದೇಪದೇ ಒಡ್ಡಿದ ಕವರಿನ ಅಂಚು ಸವೆದು ದುಂಡಗಾಗುತ್ತದೆ, ಎರಕದಲ್ಲೇ ಮೂಡಿಸಿದ ಅಕ್ಷರಗಳು ಅಳಿಸುತ್ತವೆ. ಯೆಜ್ಡಿಯ ವಿಷಯದಲ್ಲಿ ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಹೆಸರಿನಲ್ಲಿ ಬೈಕು ತಯಾರಿಸಲು ತೊಡಗಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಹೆಸರಿಗೆ ಬದಲಾಗಿ, 1996ರಲ್ಲಿ ಬಾಗಿಲು ಮುಚ್ಚಿತು. ಆಗ ಎರಕ ಹೊಯ್ದ ಕವರು ಒಮ್ಮೆ ಸವೆದರೆ ಅದೇ ಕವರು ಮತ್ತೆ ಬರುವುದಿಲ್ಲ. ಆದ್ದರಿಂದ ಯಂತ್ರದ ಬಫಿಂಗ್ ಒಂದು ಸಲಕ್ಕೆ ಸಾಕು. ಮುಂದಿನದೆಲ್ಲ ಕೈಯಲ್ಲೇ, ಟ್ಯೂಬಿನಲ್ಲಿ ಸಿಗುವ ಲೋಹದ ಪಾಲಿಶನ್ನು ಮೆತ್ತನೆಯ ಬಟ್ಟೆಗೆ ತಾಗಿಸಿ.

ಈಗ ಎದ್ದಿರುವ ಕುಳಿಗಳನ್ನು ತೆಗೆಯಬೇಕಲ್ಲ. ಕವರು ಬಿಚ್ಚಿ (ಎಡಗಡೆಯದರ ಹಿಂದೆ ಕ್ಲಚ್ ಇದೆ, ಮೊದಲು ಎಣ್ಣೆ ಇಳಿಸಿ), ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪುನೀರಲ್ಲಿ ತೊಳೆಯಿರಿ. 600 ನಂಬರಿನ ವಾಟರ್ ಪೇಪರಿನಿಂದ ತೊಡಗಿ 1000, 1500ಕ್ಕೆ ಹೋಗಿ, ಕೊನೆಗೆ ಪಾಲಿಶ್. ಕುಳಿ ಆಳವಿದ್ದರೆ ಮಾತ್ರ 400ಕ್ಕೆ ಇಳಿಯಿರಿ. ಆಳವಾದ ಒಂದೆರಡು ಕುಳಿ ಉಳಿದರೆ ಉಳಿಯಲಿ. ಅವುಗಳ ಹಿಂದೆ ಬಿದ್ದು ಇಡೀ ಕವರನ್ನು ತೆಳುವಾಗಿಸಬೇಡಿ. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಪೇಪರ್ ತಾಗಬಾರದು, ತಾಗಿದರೆ ಎಣ್ಣೆ ಸೋರುತ್ತದೆ. ಪಾಲಿಶಿನ ಹುಡಿ ಇಂಜಿನಿನ ಒಳಗೆ ಹೋಗಲೇಬಾರದು. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಬಳಸಬೇಡಿ. ಅದರ ಚೂರುಗಳು ಮೆತ್ತನೆಯ ಅಲ್ಯುಮಿನಿಯಮಿನಲ್ಲಿ ಸಿಕ್ಕಿ ತುಕ್ಕಿನ ಬಿಂದುಗಳಾಗುತ್ತವೆ. ಬೂದಿ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಸೇರಿದ ಯಾವ ಪುಡಿಯೂ ಬೇಡ. ಕ್ಷಾರಕ್ಕೆ ಅಲ್ಯುಮಿನಿಯಂ ಕರಗುತ್ತದೆ, ಮೈ ಕಪ್ಪಾಗುತ್ತದೆ.

ಇನ್ನು ಕ್ಲಿಯರ್ ಕೋಟ್. ಹೊಡೆಸಿದ ದಿನ ಅದು ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಆಮೇಲೆ. ಕನ್ನಡಿಯಂತೆ ನುಣುಪಾದ ಲೋಹಕ್ಕೆ ಲ್ಯಾಕರ್ ಸರಿಯಾಗಿ ಕಚ್ಚುವುದಿಲ್ಲ. ಕಚ್ಚಲು ಸಣ್ಣ ಗೀರುಗಳು ಬೇಕು, ಗೀರಿದ್ದರೆ ಕನ್ನಡಿಯ ಹೊಳಪಿಲ್ಲ. ಒಂದು ಕಲ್ಲು ಸಿಡಿದು ಅಥವಾ ಸ್ಪ್ಯಾನರ್ ತಾಗಿ ಚಕ್ಕೆ ಎದ್ದರೆ ಸಾಕು, ಉಪ್ಪುನೀರು ಲೇಪದಡಿಗೆ ನುಗ್ಗಿ ಜೇಡರ ಬಲೆಯ ಎಳೆಗಳಂಥ ಬಿಳಿ ಗೆರೆಗಳನ್ನು ಬರೆಯುತ್ತಾ ಹೋಗುತ್ತದೆ. ತೇವ ಹೆಚ್ಚಿರುವ ಕಡಲ ಕರೆಯಲ್ಲೇ ಈ ರೋಗ ಹೆಚ್ಚು. ಬರಿಮೈಯ ಕವರಿನಲ್ಲಿ ಕಲೆ ಎದ್ದರೆ ಭಾನುವಾರ ಬೆಳಿಗ್ಗೆ ಕುಳಿತು ಉಜ್ಜಿ ತೆಗೆಯಬಹುದು. ಲೇಪದಡಿಯ ಕಲೆಗೆ ಕೈ ತಲುಪುವುದಿಲ್ಲ, ಲೇಪವನ್ನೆಲ್ಲ ಕಿತ್ತು ಮೊದಲಿನಿಂದ ತೊಡಗಬೇಕು. ಎಪ್ಪತ್ತರ ದಶಕದ ಜಪಾನೀ ಬೈಕುಗಳ ಕವರುಗಳಿಗೆ ಕಾರ್ಖಾನೆಯಲ್ಲೇ ಲ್ಯಾಕರ್ ಕೊಡುತ್ತಿದ್ದರು. ಅವುಗಳನ್ನು ಈಗ ಸರಿಪಡಿಸುವವರು ಮೊದಲು ಮಾಡುವ ಕೆಲಸ, ಹಳದಿ ತಿರುಗಿದ ಆ ಲ್ಯಾಕರನ್ನು ಕರಗಿಸಿ ತೆಗೆಯುವುದು.

ಯೆಜ್ಡಿಗೆ ಕ್ಲಿಯರ್ ಕೋಟ್ ಬೇಡ ಎನ್ನಲು ಇನ್ನೂ ಒಂದು ಕಾರಣವಿದೆ. ಅದರ ಎಡಬದಿಯ ಒಂದೇ ಲಿವರು ಕಿಕ್ಕರೂ ಹೌದು, ಗೇರೂ ಹೌದು. ಓಡಿಸುವಷ್ಟು ಹೊತ್ತೂ ಕಾಲು ಅಲ್ಲೇ ಇರುತ್ತದೆ. ಚಪ್ಪಲಿಯೋ ಬೂಟೋ ಕವರಿಗೆ ಉಜ್ಜುತ್ತಲೇ ಇರುವಾಗ ಯಾವ ಲ್ಯಾಕರ್ ಉಳಿದೀತು?

ಪೌಡರ್ ಕೋಟಿಂಗ್ ಇದಕ್ಕಿಂತ ಗಟ್ಟಿ. ಹುಡಿ ಅಂಟಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವುದರಿಂದ ಅದು ಕರಗಿ ಒಂದೇ ಹಾಳೆಯಾಗುತ್ತದೆ. ರಬ್ಬರ್ ಸೀಲ್, ಬೇರಿಂಗ್, ಬುಷ್ ಎಲ್ಲವನ್ನೂ ಮೊದಲೇ ತೆಗೆದಿರಬೇಕು. ಹಳೆಯ ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಇಂಗಿರುತ್ತದೆ, ಬೇಯುವಾಗ ಅದು ಹೊರಬಂದು ಗುಳ್ಳೆ ಏಳುತ್ತದೆ. ಲೇಪಕ್ಕೆ ಮೊದಲು ಒಮ್ಮೆ ಖಾಲಿ ಬೇಯಿಸಿ ಎಣ್ಣೆ ಬಿಡಿಸಬೇಕು. ಬೈಕಿನ ಫ್ರೇಮಿಗೆ, ಸ್ಟ್ಯಾಂಡಿಗೆ ಪೌಡರ್ ಕೋಟಿಂಗ್ ನಾನು ಧಾರಾಳವಾಗಿ ಹೇಳುತ್ತೇನೆ. ಕವರುಗಳಿಗೆ ಹೇಳಲಾರೆ. ಬೆಳ್ಳಿಬಣ್ಣದ ಪೌಡರ್ ಲೋಹದ ಹೊಳಪನ್ನು ಕೊಡುವುದಿಲ್ಲ, ಅದು ಬಣ್ಣವಾಗಿಯೇ ಕಾಣುತ್ತದೆ. ಆನೋಡೈಜಿಂಗ್ ಎಂದು ಯಾರಾದರೂ ಸೂಚಿಸಿದರೆ ಅದೂ ಬೇಡ: ಎರಕದ ಅಲ್ಯುಮಿನಿಯಮಿನಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಹೆಚ್ಚು, ಅದರ ಮೇಲೆ ಆನೋಡೈಜಿಂಗ್ ಬೂದುಬಣ್ಣಕ್ಕೆ ತಿರುಗುತ್ತದೆ.

ಸಿಲಿಂಡರಿನ ರೆಕ್ಕೆಗಳನ್ನು ಪಾಲಿಶ್ ಮಾಡಬೇಡಿ. ಯೆಜ್ಡಿಯ ಸಿಲಿಂಡರ್ ಬೀಡುಕಬ್ಬಿಣದ್ದು, ಬರಿಮೈಯಲ್ಲಿ ಬಿಟ್ಟರೆ ಕುಂಬಳೆಯ ಗಾಳಿಗೆ ಬೇಗನೆ ಕೆಂಪಾಗುತ್ತದೆ. ಸಿಲಿಕೋನ್ ಆಧಾರದ, ಬಿಸಿ ತಾಳುವ ಕಪ್ಪು ಬಣ್ಣವನ್ನು ತೆಳುವಾಗಿ ಹೊಡೆದು, ಇಂಜಿನಿನ ಬಿಸಿಯಲ್ಲೇ ಅದು ಗಟ್ಟಿಯಾಗಲು ಬಿಡಿ. ಹೊಳೆಯುವ ಲೋಹಕ್ಕಿಂತ ಕಪ್ಪು ಮೈ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆ. ದಪ್ಪವಾಗಿ ಬಳಿದರೆ ಮಾತ್ರ ಬಣ್ಣವೇ ಕಂಬಳಿಯಾಗಿ ಶಾಖವನ್ನು ತಡೆಯುತ್ತದೆ. ಸೈಲೆನ್ಸರಿನ ಕ್ರೋಮಿಗೆ ಪೇಪರ್ ತಾಗಿಸಲೇಬೇಡಿ. ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಕಬ್ಬಿಣವನ್ನು ಕಾಯುವುದು ಅದರಡಿಯ ನಿಕ್ಕಲ್. ತೊಳೆದು ಮೇಣ ಹಚ್ಚಿದರೆ ಸಾಕು.

ಈಗ ತೋಟದ ಪಂಪು. ಬದಿಯಡ್ಕ ಕಡಲಿನಿಂದ ಸಾಕಷ್ಟು ಒಳಗಿದೆ, ಅಲ್ಲಿನ ಇಂಜಿನನ್ನು ತಿನ್ನುತ್ತಿರುವುದು ಹೆಚ್ಚಾಗಿ ಮೈಲುತುತ್ತು ಮತ್ತು ಸುಣ್ಣ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಲೆಕ್ಕ ನಿಮಗೆ ಬಾಯಿಪಾಠವೇ ಇರುತ್ತದೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಕೆಗೆ ತಂದರು. ಮದ್ದು ಹದವಾಗಿದೆಯೇ ಎಂದು ನೋಡಲು ಹಿರಿಯರು ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದುತ್ತಿದ್ದರು, ಈಗಲೂ ಅದ್ದುತ್ತಾರೆ. ಚೂರಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪು ಮೈಲುತುತ್ತಿನಲ್ಲಿರುವ ತಾಮ್ರವೇ. ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ನೀರಿನ ತಾಮ್ರ ಅದರ ಜಾಗದಲ್ಲಿ ಬಂದು ಕೂರುತ್ತದೆ. ಅಲ್ಯುಮಿನಿಯಮಿನ ಮೇಲೂ ಇದೇ ನಡೆಯುತ್ತದೆ, ಇನ್ನೂ ಕೆಟ್ಟದಾಗಿ: ಕೂತ ತಾಮ್ರದ ಒಂದೊಂದು ಕಣವೂ ಪುಟ್ಟ ಬ್ಯಾಟರಿಯ ಒಂದು ತುದಿಯಾಗಿ, ಸುತ್ತಲಿನ ಅಲ್ಯುಮಿನಿಯಮನ್ನು ತಿನ್ನಿಸುತ್ತಲೇ ಇರುತ್ತದೆ. ಸುಣ್ಣ ಹೆಚ್ಚಾದರೂ ಬಿಡುಗಡೆಯಿಲ್ಲ, ಆಗ ಕ್ಷಾರ ತಿನ್ನುತ್ತದೆ. ಹದ ತಪ್ಪಿದ ಮದ್ದು ಎರಡೂ ಕಡೆಯಿಂದ ಲೋಹಕ್ಕೆ ವೈರಿ.

ಇಂಥ ಕಡೆ ಪಾಲಿಶ್ ಮಾಡಿ ಪ್ರಯೋಜನವಿಲ್ಲ. ಹಳೆಯ ಬಣ್ಣ ಕೆರೆದು, ಬಿಳಿ ಹುಡಿಯನ್ನೆಲ್ಲ ಉಜ್ಜಿ ತೆಗೆದು, ಅಲ್ಯುಮಿನಿಯಮಿಗೆ ಹೊಂದುವ ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಎರಡು ಕೈ ಬಣ್ಣ ಕೊಡಿ. ಇಂಜಿನಿನ ರೆಕ್ಕೆಗಳಿಗೂ ಸೈಲೆನ್ಸರಿಗೂ ಮಾತ್ರ ಬಿಸಿ ತಾಳುವ ಬಣ್ಣ. ಮಂಜೇಶ್ವರದಿಂದ ಮಡಕ್ಕರದವರೆಗೆ ದೋಣಿಗಳಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನುಗಳನ್ನು ನೋಡಿ, ಅವುಗಳ ಮೈಯೂ ಅಲ್ಯುಮಿನಿಯಮಿನದೇ. ಕಡಲಲ್ಲೇ ಮುಳುಗಿ ದುಡಿಯುವುದಕ್ಕೆ ಪದರದ ಮೇಲೆ ಪದರ ಲೇಪ ಕೊಟ್ಟಿರುತ್ತಾರೆ; ಸಾಲದೆಂದು ಒಂದು ಲೋಹದ ತುಂಡನ್ನೂ, ಹೆಚ್ಚಾಗಿ ಸತುವಿನದು, ಜೋಡಿಸಿರುತ್ತಾರೆ. ಇಂಜಿನಿನ ಬದಲು ಆ ತುಂಡು ಸವೆಯುತ್ತದೆ, ಸವೆದ ಮೇಲೆ ಬದಲಿಸುತ್ತಾರೆ. ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕೆಂಬ ನಿಯಮವೂ ಇದೆ. ನಿಮ್ಮ ಪಂಪಿಗೂ ಅದು ಸಲ್ಲುತ್ತದೆ. ಮದ್ದು ಬಿಟ್ಟು ಮುಗಿದ ಸಂಜೆಯೇ, ಎಷ್ಟೇ ದಣಿವಿದ್ದರೂ, ಒಳಗೆ ಹೊರಗೆ ಶುದ್ಧ ನೀರು ಹಾಯಿಸಿ. ಒಣಗಿದ ಮೇಲೆ ಮದ್ದಿನ ನೀಲಿ ಗಟ್ಟಿಯಾಗಿ ಕಚ್ಚುತ್ತದೆ. ಮೈಲುತುತ್ತಿನ ಚೀಲವನ್ನು ಯೆಜ್ಡಿಯ ಮೇಲೆ ಹೇರಿಕೊಂಡು ಹೋಗುವ ರೂಢಿಯಿದ್ದರೆ ದಯವಿಟ್ಟು ನಿಲ್ಲಿಸಿ. ಚೀಲದಿಂದ ಉದುರುವ ಹುಡಿ ಕವರಿನ ಮೇಲೆ ಮಳೆಹನಿಯ ಜೊತೆ ಸೇರಿದರೆ ಅಷ್ಟೇ ಸಾಕು.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಕವರು ಮತ್ತೆ ಕೂರಿಸುವಾಗ ಸ್ಕ್ರೂಗಳನ್ನು ಗಮನಿಸಿ. ಉಕ್ಕಿನ ಸ್ಕ್ರೂ, ಅಲ್ಯುಮಿನಿಯಂ ಕವರು, ನಡುವೆ ಉಪ್ಪುನೀರು: ಇಲ್ಲಿಯೂ ಅಲ್ಯುಮಿನಿಯಮೇ ಸೋಲುತ್ತದೆ. ಸ್ಕ್ರೂ ತಲೆಯ ಸುತ್ತ ಬಿಳಿ ಬಳೆ ಮೂಡುವುದು ಅದಕ್ಕೇ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೂ ಇದು ತಪ್ಪುವುದಿಲ್ಲ. ಪ್ರತಿ ಸ್ಕ್ರೂವಿನ ಥ್ರೆಡ್ಡಿಗೂ ತಲೆಯಡಿಗೂ ಸ್ವಲ್ಪ ಗ್ರೀಸ್ ಸವರಿ, ಹದವಾಗಿ ಬಿಗಿಯಿರಿ. ಆಗ ಮುಂದೆ ಕವರು ಬಿಚ್ಚುವಾಗ ಸುತ್ತಿಗೆ, ಉಳಿ ಹಿಡಿಯಬೇಕಾಗುವುದಿಲ್ಲ.