ಬ್ಯಾಟರಿ ಸಾಣೆಯಂತ್ರಕ್ಕೆ ಚಕ್ರವನ್ನೂ ಗಾರ್ಡನ್ನೂ ಜೋಡಿಸುವ ಕ್ರಮ

ನೇಗಿಲಿನ ಕುಳವನ್ನು ತಟ್ಟಿಸುವುದಕ್ಕೂ, ಕುಡುಗೋಲು ಮಚ್ಚುಗಳಿಗೆ ಸಾಣೆ ಹಿಡಿಸುವುದಕ್ಕೂ ರೈತನು ಕಮ್ಮಾರನ ಕುಲುಮೆಯ ಮುಂದೆ ಸರದಿ ಕಾಯುತ್ತಿದ್ದ ಕಾಲವೊಂದಿತ್ತು. ಈಗ ಅನೇಕ ಗ್ರಾಮಗಳಲ್ಲಿ ಸಾಣೆ ಹಿಡಿಯುವ ಮತ್ತು ಕಬ್ಬಿಣ ಕತ್ತರಿಸುವ ಕೆಲಸವನ್ನು ಕೈಯಲ್ಲಿ ಹಿಡಿಯಬಹುದಾದ ಸಣ್ಣ ಯಂತ್ರವೊಂದು ಮಾಡುತ್ತಿರುವುದು. ಜನರು ಇದನ್ನು ಆಂಗಲ್ ಗ್ರೈಂಡರ್ ಎಂದು ಕರೆಯುವರು. 1954ನೆಯ ಇಸವಿಯಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿದ ಈ ಯಂತ್ರವು ಬಹುಕಾಲ ವಿದ್ಯುತ್ ತಂತಿಯ ಅಳತೆಗೆ ಕಟ್ಟುಬಿದ್ದಿತ್ತು. ಲಿಥಿಯಂ ಬ್ಯಾಟರಿಯಿಂದ ನಡೆಯುವ ಮಾದರಿಗಳು ಬಂದ ಮೇಲೆ ಹೊಲದ ಬದುವಿಗೂ, ಕೊಳವೆಬಾವಿಯ ಬಳಿಗೂ, ತೋಟದ ಬೇಲಿಗೂ ಅದನ್ನು ಒಯ್ಯುವುದು ಸಾಧ್ಯವಾಗಿದೆ.

ಈ ಸೌಕರ್ಯದೊಂದಿಗೆ ಒಂದು ಹೊಣೆಯೂ ಬಂದಿರುವುದು. ಯಂತ್ರವನ್ನು ಕೊಳ್ಳುವವನು ಜಮೀನುದಾರನು. ಹಿಡಿದು ಕೆಲಸ ಮಾಡುವವನು ಬಹುಮಟ್ಟಿಗೆ ಅವನ ಮಗನೋ ಕೂಲಿಯಾಳೋ ಆಗಿರುವನು. ಯಾವ ಚಕ್ರವನ್ನು ತರಬೇಕು, ಗಾರ್ಡು ಇರಬೇಕೆ ಬೇಡವೆ ಎಂಬುದನ್ನು ನಿಶ್ಚಯಿಸುವವನು ಮೊದಲನೆಯವನು. ಆ ನಿಶ್ಚಯವು ತಪ್ಪಿದಲ್ಲಿ ಕಣ್ಣನ್ನೋ ಬೆರಳನ್ನೋ ಕಳೆದುಕೊಳ್ಳುವವನು ಎರಡನೆಯವನು. ಆದುದರಿಂದ ಯಂತ್ರವನ್ನು ತಾವು ಮುಟ್ಟದಿದ್ದರೂ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕ್ರಮವನ್ನು ತಿಳಿದಿರುವುದು ಅತ್ಯಾವಶ್ಯಕವು.

ವೇಗದ ಲೆಕ್ಕ:— ಸಾಣೆಚಕ್ರವು ಅರೆಯುವ ಹರಳುಗಳನ್ನು ರಾಳದಿಂದ ಅಂಟಿಸಿ, ನಡುವೆ ನಾರಿನ ಬಲೆಯನ್ನಿಟ್ಟು ಮಾಡಿದ ಬಿಲ್ಲೆಯು. ಇಂತಹ ಸಾಮಾನ್ಯ ಚಕ್ರಗಳ ಅಂಚು ಸೆಕೆಂಡಿಗೆ 80 ಮೀಟರ್, ಎಂದರೆ ಗಂಟೆಗೆ 288 ಕಿಲೋಮೀಟರ್ ವೇಗವನ್ನು ತಡೆಯುವಂತೆ ತಯಾರಾಗಿರುವುದು. ವ್ಯಾಸವು ಹೆಚ್ಚಿದಷ್ಟೂ ಚಕ್ರವು ತಾಳಬಲ್ಲ ಸುತ್ತುಗಳು ಕಡಿಮೆಯಾಗುವುವು. 100 ಮಿಲಿಮೀಟರ್ ಚಕ್ರಕ್ಕೆ ನಿಮಿಷಕ್ಕೆ ಸುಮಾರು 15,200, 125 ಮಿಲಿಮೀಟರ್ ಚಕ್ರಕ್ಕೆ ಸುಮಾರು 12,200, 180 ಮಿಲಿಮೀಟರ್ ಚಕ್ರಕ್ಕೆ ಸುಮಾರು 8,500 ಸುತ್ತುಗಳೇ ಮೇಲ್ಮಿತಿ. ಈ ಸಂಖ್ಯೆಯು ಚಕ್ರದ ಮೇಲೂ, ಯಂತ್ರದ ಸ್ವಂತ ವೇಗವು ಯಂತ್ರದ ಮೈಮೇಲೂ ಅಚ್ಚಾಗಿರುವುದು. ಚಕ್ರದ ಸಂಖ್ಯೆಯು ಯಂತ್ರದ ಸಂಖ್ಯೆಗಿಂತ ಎಂದಿಗೂ ಕಡಿಮೆಯಿರಕೂಡದು. ಇದೇ ಮೊದಲನೆಯ ನಿಯಮವು.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. 125 ಮಿಲಿಮೀಟರಿನ ಯಂತ್ರವು ನಿಮಿಷಕ್ಕೆ 11,000 ಸುತ್ತು ತಿರುಗುವುದೆಂದಿಟ್ಟುಕೊಳ್ಳೋಣ. ದಪ್ಪ ಪೈಪನ್ನು ಬೇಗನೆ ಕತ್ತರಿಸುವ ಆಸೆಯಿಂದ ಅದಕ್ಕೆ 180 ಮಿಲಿಮೀಟರಿನ ಚಕ್ರವನ್ನು ಹಾಕಿದರೆ, ಅಂಚಿನ ವೇಗವು ಸೆಕೆಂಡಿಗೆ ಸುಮಾರು 104 ಮೀಟರಿಗೆ ಏರುವುದು. ಚಕ್ರವನ್ನು ಸಿಡಿಸುವ ಬಲವು ವೇಗದ ವರ್ಗದಂತೆ ಬೆಳೆಯುವುದರಿಂದ, ಅದು ತಾಳಬೇಕಾದುದಕ್ಕಿಂತ ಶೇಕಡ 67ರಷ್ಟು ಅಧಿಕವಾಗುವುದು. ಅಲ್ಲದೆ ದೊಡ್ಡ ಚಕ್ರವು ಚಿಕ್ಕ ಗಾರ್ಡಿನೊಳಗೆ ಹಿಡಿಯದಿರುವ ಕಾರಣ, ಹೀಗೆ ಮಾಡುವವನು ಮೊದಲು ಗಾರ್ಡನ್ನೇ ಕಿತ್ತುಹಾಕುವನು. ಚಕ್ರವು ಒಡೆಯುವ ಸಂಭವವನ್ನೂ, ಒಡೆದ ಚೂರು ಮುಖಕ್ಕೆ ಬಡಿಯುವ ಸಂಭವವನ್ನೂ ಏಕಕಾಲದಲ್ಲಿ ಹೆಚ್ಚಿಸುವ ಕೆಲಸ ಇದು. ದೊಡ್ಡ ಯಂತ್ರದಲ್ಲಿ ಸವೆದು ಚಿಕ್ಕದಾದ ಚಕ್ರವನ್ನು ಚಿಕ್ಕ ಯಂತ್ರಕ್ಕೆ ಹಾಕುವ ಮಿತವ್ಯಯವೂ ಇಂತಹುದೇ. ಚಕ್ರವು ಸವೆದರೂ ಅದರ ಮೇಲ್ಮಿತಿಯು ಬದಲಾಗದು.

ಚಕ್ರದ ಪರೀಕ್ಷೆ:— ಕೊಳ್ಳುವಾಗ ವ್ಯಾಸ, ನಡುರಂಧ್ರದ ಅಳತೆ, ಸುತ್ತುಗಳ ಸಂಖ್ಯೆ ಇವು ಮೂರನ್ನೂ ನೋಡತಕ್ಕದ್ದು. ರಂಧ್ರವು ಸಡಿಲವಾದಲ್ಲಿ ತಂತಿ ಕಾಗದಗಳನ್ನು ಸುತ್ತುವುದೂ, ಬಿಗಿಯಾದಲ್ಲಿ ಅದನ್ನು ಕೊರೆದು ಹಿಗ್ಗಿಸುವುದೂ ಕೂಡದು. ರಾಳದ ಚಕ್ರಕ್ಕೆ ಆಯುಸ್ಸುಂಟು. ಅನೇಕ ಚಕ್ರಗಳ ನಡುವಣ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳೂ ವರ್ಷವೂ ಅಚ್ಚಾಗಿರುವುವು. ಮಳೆಯಲ್ಲಿ ನೆನೆದ, ನೆಲಕ್ಕೆ ಬಿದ್ದ, ಅಂಚು ಮುಕ್ಕಾದ, ಬಿರುಕು ಕಂಡ ಚಕ್ರವನ್ನು ಮುರಿದು ಎಸೆಯುವುದೇ ಲೇಸು. ಇಟ್ಟುಕೊಂಡರೆ ಮತ್ತೊಬ್ಬನು ಅದನ್ನು ತಿಳಿಯದೆ ಬಳಸುವನು.

ಮರ ಕೊಯ್ಯುವ ಹಲ್ಲಿನ ಬಿಲ್ಲೆಯನ್ನು ಈ ಯಂತ್ರಕ್ಕೆ ಹಾಕುವ ರೂಢಿಯು ಕೆಲವೆಡೆ ಕಂಡುಬರುವುದು. ಇದು ಅತ್ಯಂತ ಅಪಾಯಕರವಾದುದು. ಹಲ್ಲು ಮರದ ಗಂಟಿಗೆ ಸಿಕ್ಕಿದ ಕ್ಷಣದಲ್ಲಿಯೇ ಯಂತ್ರವು ಕೈಮೀರಿ ಹಿಮ್ಮುಖವಾಗಿ ಹಾರಿ, ಹಿಡಿದವನ ತೊಡೆಗೋ ಕತ್ತಿಗೋ ತಾಗಬಹುದು. ಕೊಂಬೆ ಸವರುವ ಕೆಲಸಕ್ಕೆ ಗರಗಸವೇ ಸಾಧನವು.

ಗಾರ್ಡು:— ಚಕ್ರದ ಅರ್ಧಭಾಗವನ್ನು ಮುಚ್ಚುವ ತಗಡಿನ ಕವಚಕ್ಕೆ ಗಾರ್ಡು ಎಂದು ಹೆಸರು. ಸಿಡಿದ ಚೂರನ್ನು ತಡೆಯುವುದು, ಬೆರಳುಗಳನ್ನು ಚಕ್ರದಿಂದ ದೂರವಿಡುವುದು, ಕಿಡಿಗಳನ್ನು ಬೇರೆಡೆಗೆ ತಿರುಗಿಸುವುದು, ಇವು ಅದರ ಮೂರು ಕೆಲಸಗಳು. ಗಾರ್ಡಿನಲ್ಲಿ ಎರಡು ಬಗೆಯುಂಟು. ನಡುವು ತಗ್ಗಾದ ದಪ್ಪನೆಯ ಉಜ್ಜುವ ಚಕ್ರಕ್ಕೆ ಕೆಳಬದಿಯು ತೆರೆದಿರುವ ಗಾರ್ಡು ಸಾಕು. ತೆಳ್ಳಗಿನ ಕತ್ತರಿಸುವ ಚಕ್ರಕ್ಕೆ ಎರಡು ಬದಿಗಳನ್ನೂ ಮುಚ್ಚುವ ಗಾರ್ಡು ಬೇಕು; ಏಕೆಂದರೆ ಸೀಳಿನಲ್ಲಿ ಸಿಕ್ಕಿ ಬಾಗಿ ಒಡೆಯುವ ಸಂಭವವು ಅದಕ್ಕೆ ಹೆಚ್ಚು. ಕತ್ತರಿಸುವ ಚಕ್ರದ ಪಕ್ಕದಿಂದ ಉಜ್ಜುವುದು ಎಂದಿಗೂ ಸಲ್ಲದು.

ಜೋಡಿಸುವ ಕ್ರಮ:— ತಂತಿಯ ಯಂತ್ರದಲ್ಲಿ ಪ್ಲಗ್ಗನ್ನು ಕಿತ್ತರೆ ಭಯವು ತೀರಿತು. ಬ್ಯಾಟರಿಯ ಯಂತ್ರವಾದರೋ ಎಲ್ಲಿಯೂ ಸಿಕ್ಕಿಸದೆ ಮೂಲೆಯಲ್ಲಿ ಬಿದ್ದಿದ್ದರೂ, ಬ್ಯಾಟರಿಯು ಅದರೊಳಗಿರುವವರೆಗೆ ಬೆರಳು ತಾಗಿದೊಡನೆ ತಿರುಗಲು ಸಿದ್ಧವಾಗಿರುವುದು. ಆದಕಾರಣ ಈ ಕೆಳಗಿನ ಅನುಕ್ರಮವನ್ನು ಬಿಡಕೂಡದು.

1. ಮೊದಲು ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡುವುದು.

2. ಗಾರ್ಡಿನ ಒಳಗಡೆಯ ಮೊಳೆಯನ್ನು ಯಂತ್ರದ ಕತ್ತಿನಲ್ಲಿರುವ ಕಚ್ಚಿಗೆ ಸರಿಹೊಂದಿಸಿ ಕೂರಿಸಿ, ಮುಚ್ಚಿದ ಭಾಗವು ಕೆಲಸಗಾರನ ಕಡೆಗೂ ತೆರೆದ ಭಾಗವು ಅವನಿಂದಾಚೆಗೂ ಬರುವಂತೆ ತಿರುಗಿಸಿ, ಸ್ಕ್ರೂವನ್ನಾಗಲಿ ಸನ್ನೆಯನ್ನಾಗಲಿ ಬಿಗಿಮಾಡುವುದು. ಕೈಯಿಂದ ತಿರುವಿದರೆ ಗಾರ್ಡು ಅಲುಗಕೂಡದು.

3. ಸ್ಪಿಂಡಲಿನ ಮೇಲೆ ಒಳಬಿಲ್ಲೆಯನ್ನು ಕೂರಿಸಿ, ಧೂಳನ್ನು ಒರೆಸಿ, ಅದರ ಉಬ್ಬಿದ ನಡುಭಾಗಕ್ಕೆ ಚಕ್ರದ ರಂಧ್ರವು ಒತ್ತಾಯವಿಲ್ಲದೆ ಹೊಂದುವಂತೆ ಚಕ್ರವನ್ನಿಡುವುದು.

4. ಹೊರಗಡೆಯ ನಟ್ಟಿಗೆ ಎರಡು ಮುಖಗಳುಂಟು. ಬಹುತೇಕ ಯಂತ್ರಗಳಲ್ಲಿ ದಪ್ಪ ಚಕ್ರಕ್ಕೆ ಉಬ್ಬುಮುಖವೂ, ತೆಳ್ಳನೆಯ ಚಕ್ರಕ್ಕೆ ಚಪ್ಪಟೆಮುಖವೂ ಚಕ್ರದ ಕಡೆಗಿರತಕ್ಕದ್ದು. ತಿರುವುಮುರುವಾದಲ್ಲಿ ನಟ್ಟು ಬಿಗಿಯಾದಂತೆ ತೋರಿದರೂ ತೆಳ್ಳನೆಯ ಚಕ್ರವು ಒಳಗೆ ಸಡಿಲವಾಗಿಯೇ ಉಳಿಯಬಹುದು. ಯಂತ್ರದೊಡನೆ ಬಂದ ಕೈಪಿಡಿಯ ಚಿತ್ರವನ್ನು ನೋಡಿ ಇದನ್ನು ದೃಢಪಡಿಸಿಕೊಳ್ಳುವುದು.

5. ಸ್ಪಿಂಡಲನ್ನು ತಡೆಹಿಡಿಯುವ ಗುಂಡಿಯನ್ನು ಒತ್ತಿ, ಯಂತ್ರದೊಡನೆ ಕೊಟ್ಟ ಸ್ಪ್ಯಾನರಿನಿಂದಲೇ ನಟ್ಟನ್ನು ಬಿಗಿಯುವುದು. ಸುತ್ತಿಗೆಯಿಂದ ಬಡಿಯಕೂಡದು. ಚಕ್ರವು ಓಡುತ್ತಿರುವಾಗ ಈ ಗುಂಡಿಯನ್ನು ಒತ್ತಲೇಕೂಡದು.

6. ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಗಾರ್ಡಿಗೆ ತಾಗದೆಯೂ ಓಲಾಡದೆಯೂ ಇರುವುದನ್ನು ನೋಡಿ, ಪಕ್ಕದ ಹಿಡಿಯನ್ನು ಬಿಗಿದು, ಗುಂಡಿಯು ನಿಲುಗಡೆಯ ಸ್ಥಾನದಲ್ಲಿದೆಯೆಂದು ಕಂಡ ಮೇಲೆಯೇ ಬ್ಯಾಟರಿಯನ್ನು ಸಿಕ್ಕಿಸುವುದು.

7. ಹೊಸ ಚಕ್ರವನ್ನು ಹಾಕಿದಾಗ ಚಕ್ರದ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಕೆಲಸಕ್ಕೆ ತಾಗಿಸದೆ ಒಂದು ನಿಮಿಷ ಓಡಿಸುವುದು. ದೋಷವುಳ್ಳ ಚಕ್ರವು ಸಾಮಾನ್ಯವಾಗಿ ಈ ಸಮಯದಲ್ಲಿಯೇ ಒಡೆಯುವುದು. ನಡುಕ ಕಂಡರೆ ನಿಲ್ಲಿಸಿ ಮರಳಿ ಪರೀಕ್ಷಿಸತಕ್ಕದ್ದು.

ಕೆಲಸದ ಸ್ಥಳ:— ಕಣ್ಣಿಗೆ ಮುಚ್ಚುಕನ್ನಡಕವೂ ಮುಖಕ್ಕೆ ತೆರೆಯೂ ಇರಬೇಕು. ಹೆಗಲ ಮೇಲಿನ ವಲ್ಲಿ, ಇಳಿಬಿದ್ದ ಪಂಚೆಯ ಅಂಚು, ಸಡಿಲವಾದ ತೋಳುಗಳು ಚಕ್ರಕ್ಕೆ ಸುತ್ತಿಕೊಳ್ಳುವುದರಿಂದ ಅವನ್ನು ತೆಗೆದಿಟ್ಟು ಕೆಲಸಕ್ಕೆ ಕೂಡುವುದು. ಯಂತ್ರವನ್ನು ಯಾವಾಗಲೂ ಎರಡು ಕೈಗಳಿಂದ ಹಿಡಿಯತಕ್ಕದ್ದು. ಹುಲ್ಲಿನ ಬಣವೆ, ಒಣಸೋಗೆ, ಕಣದಲ್ಲಿ ಹರಡಿದ ಪೈರು ಇವುಗಳ ಸಮೀಪದಲ್ಲಿ ಒಂದು ಕಿಡಿಯು ಸಾಕು, ವರ್ಷದ ಮೇವು ಬೂದಿಯಾಗಲು. ಡೀಸೆಲ್ ಮತ್ತು ಔಷಧಿಗಳ ಹಳೆಯ ಡ್ರಮ್ಮುಗಳು ಬರಿದಾಗಿ ಕಂಡರೂ ಅವುಗಳ ಆವಿಯು ಒಳಗೆ ಉಳಿದಿರುವುದರಿಂದ, ಕತ್ತರಿಸಹೋದವನ ಮುಂದೆಯೇ ಸ್ಫೋಟಿಸುವ ಸಂಭವವುಂಟು. ಕೆಲಸ ನಿಲ್ಲಿಸಿದ ಮೇಲೆ ಚಕ್ರವು ಪೂರ್ಣವಾಗಿ ನಿಂತುದನ್ನು ಕಂಡ ಹೊರತು ಯಂತ್ರವನ್ನು ನೆಲಕ್ಕಿಡಕೂಡದು.

ಗಾರ್ಡಿಲ್ಲದೆ ಹತ್ತಾರು ಸಲ ಕೆಲಸ ಮಾಡಿಯೂ ಏನೂ ಆಗಲಿಲ್ಲವೆಂದು ಹೇಳುವವರುಂಟು. ಚಕ್ರವು ಒಡೆಯದ ದಿನಗಳಲ್ಲಿ ಗಾರ್ಡು ನಿರುಪಯುಕ್ತವೆಂದೇ ತೋರುವುದು ಸಹಜ. ಒಡೆಯುವ ದಿನವು ಮಾತ್ರ ಮುಂಚಿತವಾಗಿ ಹೇಳಿ ಬರುವುದಿಲ್ಲ. ಆದುದರಿಂದ ಜಮೀನುದಾರನು ಯಂತ್ರವನ್ನು ಆಳಿನ ಕೈಗೆ ಕೊಡುವ ಮುನ್ನ ಚಕ್ರದ ಸಂಖ್ಯೆ, ಗಾರ್ಡಿನ ಬಿಗಿ, ಕಣ್ಣಿನ ಕನ್ನಡಕ ಈ ಮೂರನ್ನು ತಾನೇ ನೋಡುವ ಪದ್ಧತಿಯನ್ನಿಟ್ಟುಕೊಳ್ಳುವುದು ಯುಕ್ತ. ಅದಕ್ಕೆ ಹಿಡಿಯುವ ಕಾಲವು ಒಂದೆರಡು ನಿಮಿಷವು ಮಾತ್ರ. ಗ್ರಾಮದ ಮುಖಂಡರು ಈ ಪದ್ಧತಿಯನ್ನು ಮೊದಲು ತಮ್ಮ ಮನೆಯಲ್ಲಿ ನಡೆಸಿ ತೋರಿಸಿದಲ್ಲಿ ಉಳಿದವರು ಅದನ್ನು ಅನುಸರಿಸುವುದು ಕಷ್ಟವಾಗದು.