ಬೇಸ್ ಗಿಟಾರ್ ಜ್ಯಾಕ್ ಕರಕರ ಎಂದರೆ ಮೊದಲು ನಟ್‌ಗೆ ಕೈ ಹಾಕಬೇಡಿ

ಕೇಬಲ್ ಸ್ವಲ್ಪ ಅಲುಗಿದರೂ ಸ್ಪೀಕರ್‌ನಲ್ಲಿ ಕರಕರ, ಚಟ್ ಚಟ್. ಪಿನ್ನನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಸರಿ, ಬಿಟ್ಟರೆ ಮತ್ತೆ ಅದೇ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ನುಡಿಸುವವರಿರಲಿ, ಚರ್ಚಿನ ಗಾಯನ ತಂಡದವರಿರಲಿ, ಬೇಸ್ ಗಿಟಾರ್ ಇರುವವರಿಗೆ ಇದು ಬಂದೇ ಬರುವ ತೊಂದರೆ. ಆಗ ಹೆಚ್ಚಿನವರು ಪಿನ್ನಿಗೆ ಇನ್ಸುಲೇಷನ್ ಟೇಪ್ ಸುತ್ತುತ್ತಾರೆ, ಇಲ್ಲವೇ ಇಕ್ಕಳ ತಂದು ಹೊರಗಿನ ನಟ್ಟನ್ನು ತಿರುವಿ ಬಿಗಿ ಮಾಡುತ್ತಾರೆ. ಟೇಪಿನಿಂದ ಉಪಯೋಗವಿಲ್ಲ, ಇಕ್ಕಳದಿಂದ ಹಾನಿಯೇ ಇದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸ ಬೆಸುಗೆಯವರೆಗೆ ಹೋಗುವುದು ಹೀಗೆಯೇ.

ಕಾಲು ಇಂಚಿನ, ಎಂದರೆ 6.35 ಮಿ.ಮೀ.ನ ಈ ಜ್ಯಾಕ್ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಂದ ಬಂದದ್ದು. ಬ್ಯಾಟರಿ ಇಲ್ಲದ ಬೇಸ್‌ನಲ್ಲಿ ಅದರೊಳಗೆ ಇರುವುದು ಎರಡೇ ಸಂಪರ್ಕ. ಪಿನ್ನಿನ ತುದಿಯನ್ನು ಒತ್ತಿ ಹಿಡಿಯುವ ಬಾಗಿದ ಲೋಹದ ನಾಲಿಗೆ ಒಂದು, ಪಿನ್ನಿನ ಮೈಯನ್ನು ಸುತ್ತುವರಿಯುವ ಕೊಳವೆ ಇನ್ನೊಂದು. ನಾಲಿಗೆಯಲ್ಲಿ ಸಿಗ್ನಲ್, ಕೊಳವೆಯಲ್ಲಿ ಗ್ರೌಂಡ್. ಎರಡಕ್ಕೂ ಒಂದೊಂದು ವೈರು. ಇಷ್ಟು ಗೊತ್ತಿದ್ದರೆ ಸಾಕು.

ದೋಷ ಜ್ಯಾಕ್‌ನಲ್ಲೇ ಇದೆಯೇ?

ಬೇಸ್ ಬಿಚ್ಚುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಕೇಬಲ್ ಕೆಟ್ಟು ಜ್ಯಾಕ್ ಮೇಲೆ ಅಪವಾದ ಬರುವುದೇ ಹೆಚ್ಚು. ಆಮೇಲೆ ಬೇಸನ್ನು ಅಲುಗಿಸದೆ ಆಂಪ್ಲಿಫೈಯರ್ ಕಡೆಯ ಪಿನ್ನನ್ನು ಮಾತ್ರ ಅಲುಗಿಸಿ. ಆಗಲೂ ಸದ್ದು ಬಂದರೆ ಕೆಟ್ಟಿರುವುದು ಆಂಪಿನ ಜ್ಯಾಕ್. ವಾಲ್ಯೂಮ್ ಗುಂಡಿ ತಿರುಗಿಸುವಾಗ ಮಾತ್ರ ಪರಪರ ಎಂದರೆ ಅದು ಗುಂಡಿಯಡಿಯ ಪಾಟ್ (ಪೊಟೆನ್ಶಿಯೊಮೀಟರ್) ಒಳಗಿನ ಕೊಳೆ, ಜ್ಯಾಕ್‌ಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸ್ ಆದರೆ 9 ವೋಲ್ಟ್‌ನ ಹೊಸ ಬ್ಯಾಟರಿ ಹಾಕಿ ಇನ್ನೊಮ್ಮೆ ಕೇಳಿ.

ಗುಂಯ್ ಎನ್ನುವ ಸದ್ದು ಬೇರೆಯೇ ವಿಷಯ. ತಂತಿ ಮುಟ್ಟಿದೊಡನೆ ಅದು ಕಡಿಮೆಯಾದರೆ ಗ್ರೌಂಡ್ ಸರಿಯಾಗಿದೆ ಎಂದೇ ಅರ್ಥ, ಹೆದರಬೇಕಿಲ್ಲ. ತಂತಿ ಮುಟ್ಟಿದರೆ ಕಡಿಮೆಯಾಗದೆ ಜ್ಯಾಕ್‌ನ ಲೋಹ ಮುಟ್ಟಿದಾಗ ಮಾತ್ರ ಕಡಿಮೆಯಾದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರು ಕಳಚಿರುವ ಸಾಧ್ಯತೆ ಹೆಚ್ಚು.

ಮಲ್ಟಿಮೀಟರ್ ಇದ್ದವರಿಗೆ ಇನ್ನೂ ಖಚಿತವಾದ ದಾರಿಯಿದೆ. ಬ್ಯಾಟರಿ ಇಲ್ಲದ ಬೇಸ್ ಆದರೆ ಕೇಬಲ್ಲಿನ ಒಂದು ತುದಿಯನ್ನು ಬೇಸ್‌ಗೆ ಹಾಕಿ, ವಾಲ್ಯೂಮ್ ಪೂರ್ತಿ ತೆರೆದು, ಇನ್ನೊಂದು ಪಿನ್ನಿನ ತುದಿ ಮತ್ತು ಮೈಗೆ ಮೀಟರ್ ಹಿಡಿದು ಓಮ್ ಅಳೆಯಿರಿ. ಪಿಕಪ್ಪಿಗೆ ತಕ್ಕಂತೆ ಕೆಲವು ಸಾವಿರ ಓಮ್ ಕಾಣುತ್ತದೆ. ಪ್ರಿಸಿಷನ್ ಬೇಸ್ ಮಾದರಿಯಲ್ಲಿ ಅದು ಸುಮಾರು 10 ಸಾವಿರದ ಆಸುಪಾಸು. ಈಗ ಬೇಸ್ ಕಡೆಯ ಪಿನ್ನನ್ನು ಅಲುಗಿಸಿ. ಅಂಕಿ ನೆಟ್ಟಗೆ ನಿಂತರೆ ಜ್ಯಾಕ್ ಚೆನ್ನಾಗಿದೆ, ಕುಣಿದರೆ ದೋಷ ಅಲ್ಲೇ ಇದೆ.

ಬಿಚ್ಚುವುದು, ಒರೆಸುವುದು

ಕೇಬಲ್ ತೆಗೆಯಿರಿ, ಬ್ಯಾಟರಿ ಇದ್ದರೆ ಅದನ್ನೂ ತೆಗೆಯಿರಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಬೇಸನ್ನು ಮಲಗಿಸಿ. ಜಾಝ್ ಬೇಸ್ ಮಾದರಿಯಲ್ಲಿ ಗುಂಡಿಗಳಿರುವ ಲೋಹದ ಪ್ಲೇಟಿನಲ್ಲೇ ಜ್ಯಾಕ್ ಇರುತ್ತದೆ. ಅದರ ಸ್ಕ್ರೂ ತೆಗೆದರೆ ಆಯಿತು. ಪ್ರಿಸಿಷನ್‌ನಲ್ಲಿ ಜ್ಯಾಕ್ ಪಿಕ್‌ಗಾರ್ಡ್‌ಗೆ ಕೂತಿರುವುದರಿಂದ ತಂತಿಗಳನ್ನು ಸಡಿಲಿಸಿ ಇಡೀ ಪಿಕ್‌ಗಾರ್ಡ್ ಎತ್ತಬೇಕು. ಮೈಯ ಅಂಚಿನಲ್ಲಿ ಪುಟ್ಟ ಪ್ಲೇಟ್ ಇರುವ ಬೇಸ್‌ಗಳಲ್ಲಿ ಆ ಪ್ಲೇಟ್ ಬಿಚ್ಚಿದರೆ ಜ್ಯಾಕ್ ಹೊರಬರುತ್ತದೆ, ಆದರೆ ವೈರು ತೀರಾ ಗಿಡ್ಡ, ಎಳೆಯಬೇಡಿ. ಏನನ್ನೂ ಅಲುಗಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಕೊಳೆ, ಬೆವರಿನ ಉಪ್ಪು, ಕರಾವಳಿಯಾದರೆ ಕಡಲ ಗಾಳಿಯ ಕಿಲುಬು, ಇವೇ ಕರಕರ ಸದ್ದಿನ ಸಾಮಾನ್ಯ ಕಾರಣ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಹತ್ತಿಕಡ್ಡಿಗೆ ಅದನ್ನು ಹಚ್ಚಿ ಕೊಳವೆಯ ಒಳಮೈ ಮತ್ತು ನಾಲಿಗೆಯ ಬಾಗು, ಎರಡನ್ನೂ ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಒರೆಸಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ದರೆ ಪಿನ್ನಿಗೆ ಸ್ವಲ್ಪ ಹೊಡೆದು ನಾಲ್ಕಾರು ಸಲ ಹಾಕಿ ತೆಗೆಯಿರಿ. ಬೀಗಕ್ಕೆ, ಬೈಕಿನ ಚೈನಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಬೇಡವೇ ಬೇಡ. ಅದು ಉಳಿಸುವ ಜಿಡ್ಡಿಗೆ ಇನ್ನಷ್ಟು ಧೂಳು ಅಂಟುತ್ತದೆ. ಉಪ್ಪುಕಾಗದವೂ ಬೇಡ. ಮೇಲಿನ ಲೇಪ ಹೋದರೆ ಕಿಲುಬು ಹಿಡಿಯುವುದು ಇನ್ನೂ ಬೇಗ.

ಪಿನ್ ಹಾಕಿದಾಗ ಟಕ್ ಎಂದು ಕೂರದೆ ಸಡಿಲವಾಗಿ ಜಾರಿದರೆ ನಾಲಿಗೆಯ ಬಿಗುವು ಹೋಗಿದೆ. ಪಿನ್ನನ್ನು ಹೊರತೆಗೆದು, ಹೆಬ್ಬೆರಳಿನಿಂದ ನಾಲಿಗೆಯನ್ನು ಕೊಳವೆಯ ನಡುಗೆರೆಯ ಕಡೆಗೆ ಕೂದಲೆಳೆಯಷ್ಟು ಒತ್ತಿ. ಹಾಕಿ ನೋಡಿ, ಸಾಲದಿದ್ದರೆ ಇನ್ನೊಂದಿಷ್ಟು. ಒಂದೇ ಸಲಕ್ಕೆ ಜೋರಾಗಿ ಮಡಿಸಿದರೆ ಲೋಹ ಬುಡದಲ್ಲಿ ಮುರಿಯಬಹುದು. ನಾಲಿಗೆ ಹೊರಗೆ ಕಾಣದ ಉದ್ದ ಕೊಳವೆಯಂಥ ಜ್ಯಾಕ್ ನಿಮ್ಮದಾದರೆ ಬಗ್ಗಿಸುವ ಮಾತೇ ಇಲ್ಲ, ಹೊಸದು ಹಾಕಬೇಕು.

ನಟ್‌ನ ವಿಷಯ

ಇದನ್ನು ನಿಧಾನವಾಗಿ ಓದಿ. ಹೊರಗಿನಿಂದ ಕಾಣುವುದು ನಟ್ ಮತ್ತು ಅದರಡಿಯ ಚಪ್ಪಟೆ ವಾಷರ್. ಪ್ಲೇಟಿನ ಒಳಬದಿಯಲ್ಲಿ ಹಲ್ಲುಗಳಿರುವ ಸ್ಟಾರ್ ವಾಷರ್, ಅದರ ಹಿಂದೆ ಜ್ಯಾಕ್‌ನ ಮೈ. ಪ್ಲೇಟನ್ನು ಕಚ್ಚಿ ಹಿಡಿದು ಜ್ಯಾಕ್ ತಿರುಗದಂತೆ ತಡೆಯುವುದು ಆ ಹಲ್ಲುಗಳ ಕೆಲಸ. ನಟ್ ಸಡಿಲವಾದ ಕ್ಷಣದಿಂದ ಹಲ್ಲುಗಳ ಹಿಡಿತವೂ ಹೋಗಿರುತ್ತದೆ. ಆಗ ಹೊರಗಿನಿಂದ ನಟ್ ತಿರುವಿದರೆ ಒಳಗೆ ಜ್ಯಾಕ್ ಕೂಡ ಜೊತೆಗೇ ತಿರುಗುತ್ತದೆ, ಅದಕ್ಕೆ ಬೆಸೆದ ಎರಡೂ ವೈರುಗಳು ಅದರ ಕುತ್ತಿಗೆಗೆ ಸುತ್ತಿಕೊಳ್ಳುತ್ತವೆ.

ಮೊದಲ ಸುತ್ತಿಗೆ ಏನೂ ಆಗುವುದಿಲ್ಲ. ನಟ್ ಬಿಗಿಯಾದಂತೆ ಕಾಣುತ್ತದೆ, ಸದ್ದೂ ನಿಂತಿರುತ್ತದೆ, ನುಡಿಸುವವರಿಗೆ ಕೆಲಸ ಆಯಿತೆಂಬ ನಂಬಿಕೆ. ಆದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರಿನ ಸಣ್ಣ ಎಳೆಗಳು ಒಂದೊಂದಾಗಿ ಹರಿಯತೊಡಗುತ್ತವೆ. ಮತ್ತೆ ಸಡಿಲ, ಮತ್ತೆ ಇಕ್ಕಳ, ಮತ್ತೊಂದು ಸುತ್ತು. ಕೊನೆಗೆ ಒಂದು ದಿನ ಹಾಡಿನ ಮಧ್ಯೆ ಸದ್ದು ಪೂರ್ತಿ ಹೋಗುತ್ತದೆ. ಕೆಲವೊಮ್ಮೆ ವೈರು ತುಂಡಾಗಿರುವುದೂ ಇಲ್ಲ. ತಿರುಗಿದ ಜ್ಯಾಕ್‌ನ ನಾಲಿಗೆ ಗುಳಿಯೊಳಗೆ ಬಳಿದ ಕಪ್ಪು ಶೀಲ್ಡಿಂಗ್ ಬಣ್ಣಕ್ಕೋ ತಾಮ್ರದ ಹಾಳೆಗೋ ತಾಗಿ ಸಿಗ್ನಲ್ ನೇರ ಗ್ರೌಂಡಿಗೆ ಹೋಗುತ್ತಿರುತ್ತದೆ. ಪಿಕಪ್ ಸುಟ್ಟಿದೆ ಎಂದುಕೊಂಡು ಹೊಸ ಪಿಕಪ್ಪಿಗೆ ಹಣ ಸುರಿಯುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾಗಿ ಪ್ಲೇಟ್ ಬಿಚ್ಚದೆ ನಟ್ ಬಿಗಿ ಮಾಡಬಾರದು. ಪ್ಲೇಟ್ ಕೈಗೆ ಬಂದ ಮೇಲೆ ಮೊದಲು ವೈರಿನ ಸುತ್ತು ಬಿಡಿಸಿ. ಸ್ಟಾರ್ ವಾಷರ್ ಇದೆಯೇ ನೋಡಿ. ಅಗ್ಗದ ಬೇಸ್‌ಗಳಲ್ಲಿ ಅದು ಕೆಲವೊಮ್ಮೆ ಇರುವುದಿಲ್ಲ, ಕೆಲವು ರೂಪಾಯಿಯ ಆ ವಾಷರ್ ಇಲ್ಲದಿರುವುದೇ ಇಷ್ಟಕ್ಕೆಲ್ಲ ಮೂಲವಾಗಿರಬಹುದು. ನಾಲಿಗೆ ಗುಳಿಯ ಗೋಡೆಗೆ ತಾಗದ ದಿಕ್ಕಿಗೆ ಜ್ಯಾಕನ್ನು ತಿರುಗಿಸಿ, ಅದರ ಮೈಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಸ್ಪ್ಯಾನರಿನಿಂದ ನಟ್ ಬಿಗಿ ಮಾಡಿ. ನಾಲಿಗೆಯನ್ನು ಹಿಡಿಯಬೇಡಿ. ಅಮೆರಿಕದ ಅಳತೆಯ ಜ್ಯಾಕ್‌ಗೆ ಅರ್ಧ ಇಂಚಿನ ಸ್ಪ್ಯಾನರ್ ಕೂರುತ್ತದೆ. ಉಳಿದವಕ್ಕೆ ನಟ್ ಅಳೆದು ನೋಡಿ. ಹಲ್ಲಿನ ಇಕ್ಕಳ ನಟ್ಟಿನ ಮೂಲೆಗಳನ್ನು ಸವೆಸುತ್ತದೆ, ಜಾರಿದರೆ ಬಣ್ಣಕ್ಕೂ ಗೀರು. ಬಿಗಿಯಾದ ಮೇಲೆ ನಟ್ ಮತ್ತು ಮರೆ (ಥ್ರೆಡ್) ಸೇರುವಲ್ಲಿ ಹೊರಗಿನಿಂದ ಒಂದು ಹನಿ ನೇಲ್ ಪಾಲಿಶ್ ಇಟ್ಟರೆ ಬೇಗ ಸಡಿಲವಾಗದು.

ವೇದಿಕೆ ಮೇಲೆ ಸಡಿಲವಾದರೆ? ಬೆರಳಲ್ಲಿ ಆದಷ್ಟು ಮಾತ್ರ ತಿರುಗಿಸಿ ಬಿಡಿ. ಕೇಬಲ್ಲನ್ನು ಭುಜದ ಪಟ್ಟಿಯೊಳಗಿಂದ ತೂರಿಸಿ ಜ್ಯಾಕ್‌ಗೆ ಹಾಕಿದರೆ ಎಳೆತವೆಲ್ಲ ಪಟ್ಟಿಯ ಮೇಲೆ ಬೀಳುತ್ತದೆ. ಈ ರೂಢಿ ಇಲ್ಲದವರ ಜ್ಯಾಕ್ ಯಾರಾದರೂ ಕೇಬಲ್ ತುಳಿದ ದಿನವೇ ಕೆಡುತ್ತದೆ.

ಬೆಸುಗೆ ಬಿಟ್ಟಿದ್ದರೆ

ಬೇಸ್‌ನ ಮೈ ಮೇಲೆ ಬಟ್ಟೆ ಮುಚ್ಚಿ, ಕಿಟಕಿ ತೆರೆಯಿರಿ. 40 ವಾಟ್‌ನ ಸೋಲ್ಡರಿಂಗ್ ಐರನ್, ಒಳಗೆ ರೋಸಿನ್ ಇರುವ 60/40 ಸೀಸ ಸಾಕು. 25 ವಾಟ್‌ನದು ಗ್ರೌಂಡ್ ವೈರು ಬೆಸೆಯುವ ಲೋಹದ ಕಿವಿಗೆ ಸಾಲದು. ಕೊಳವೆಯ ಲೋಹವೆಲ್ಲ ಬಿಸಿಯನ್ನು ಹೀರಿಕೊಂಡು ಬೆಸುಗೆ ಮಂಕಾಗಿ, ಹರಳುಹರಳಾಗಿ ನಿಲ್ಲುತ್ತದೆ. ಅಂಥ ಬೆಸುಗೆ ಮತ್ತೆ ಕರಕರ ಎನ್ನುವುದು ಖಂಡಿತ. ಹಳೆಯ ಸೀಸ ತೆಗೆದು, ಹರಿದ ತುದಿ ಕತ್ತರಿಸಿ, ವೈರು ಗಿಡ್ಡವಾದರೆ ಎಳೆದು ತಲುಪಿಸದೆ ತುಂಡೊಂದನ್ನು ಜೋಡಿಸಿ. ಕಿವಿಯನ್ನು ಕಾಯಿಸಿ ಸೀಸವನ್ನು ಕಿವಿಗೇ ಕೊಡಿ, ಐರನ್‌ಗಲ್ಲ. ಗಟ್ಟಿಯಾಗುವವರೆಗೆ ಅಲುಗಿಸಬೇಡಿ, ಊದಲೂಬೇಡಿ. ಸಿಗ್ನಲ್ ವೈರು ನಾಲಿಗೆಯ ಕಿವಿಗೆ, ಗ್ರೌಂಡ್ ಕೊಳವೆಯ ಕಿವಿಗೆ. ಅನುಮಾನವಿದ್ದರೆ ಮೀಟರಿನ ಬೀಪ್ ಇಟ್ಟು ಖಚಿತಪಡಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಅದು ಸೀಸ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಗುಂಯ್ ಸದ್ದು ನಿಲ್ಲಲೆಂದು ಆಂಪಿನ ಪ್ಲಗ್ಗಿನ ಮೂರನೆಯ ಪಿನ್ ಕತ್ತರಿಸುವ ಕೆಟ್ಟ ಅಭ್ಯಾಸ ನಮ್ಮ ವೇದಿಕೆಗಳಲ್ಲಿದೆ. ಬೇಸ್‌ನ ತಂತಿಗಳು ಜ್ಯಾಕ್‌ನ ಮೂಲಕ ಆಂಪಿನ ಲೋಹದ ಮೈಗೇ ಸೇರಿವೆ. ಆಂಪಿನೊಳಗೆ ಕರೆಂಟ್ ಸೋರಿದರೆ, ಅರ್ಥಿಂಗ್ ಇಲ್ಲದಾಗ, ಅದು ಬರುವುದು ನಿಮ್ಮ ಬೆರಳಿಗೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. ಸದ್ದಿಗೆ ಮದ್ದು ಜ್ಯಾಕ್‌ನಲ್ಲಿ ಹುಡುಕಿ, ಅರ್ಥಿಂಗ್ ಮುಟ್ಟಬೇಡಿ.

ಹೊಸದು ಹಾಕುವುದಾದರೆ

ಹಳೆಯ ಜ್ಯಾಕನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಇಂಚಿನ ಮರೆ ಮತ್ತು ಮಿ.ಮೀ. ಮರೆ ಬೇರೆ ಬೇರೆ, ತೂತಿನ ಅಳತೆ ಕೂಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗದವು ಬೇಕಾದಷ್ಟಿವೆ, ಆದರೆ ಸ್ವಿಚ್‌ಕ್ರಾಫ್ಟ್ ಅಥವಾ ನ್ಯೂಟ್ರಿಕ್ ಸಿಕ್ಕರೆ ಹೆಚ್ಚು ಕೊಟ್ಟಾದರೂ ತನ್ನಿ. ಬ್ಯಾಟರಿ ಇಲ್ಲದ ಬೇಸ್‌ಗೆ ಮೋನೊ. ಆ್ಯಕ್ಟಿವ್ ಬೇಸ್‌ಗೆ ಸ್ಟೀರಿಯೊ ಜ್ಯಾಕೇ ಬೇಕು, ಬ್ಯಾಟರಿಯ ಕಪ್ಪು ವೈರು ಅದರ ನಡುವಿನ ಕಿವಿಗೆ ಹೋಗುತ್ತದೆ, ಪಿನ್ ಹಾಕಿದಾಗ ಮಾತ್ರ ಪ್ರಿಆಂಪ್ ಚಾಲೂ ಆಗುವುದು ಅದರಿಂದಲೇ. ಮೋನೊ ಹಾಕಿ ಕಪ್ಪು ವೈರನ್ನು ಗ್ರೌಂಡಿಗೆ ಬೆಸೆದರೆ ಬ್ಯಾಟರಿ ಹಗಲೂ ರಾತ್ರಿ ಖಾಲಿಯಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಮೇಲೆ ಇಂಥ ಬೇಸ್‌ನಿಂದ ಕೇಬಲ್ ತೆಗೆದಿಡಿ.